ಕಲ್ಲುಸಂದಿಗೆ ಕೋಲು

ನಮ್ಮಣ್ಣನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಜನವರಿಯ ಒಂದು ದಿನ ಬೆಳಗಿನ ಆರು ಗಂಟೆಗೆ ವಿಡಿಯೋ ಕಾಲ್ ಮಾಡಿದ. ನನಗಿನ್ನೂ ಮೊದಲ ಲೋಟ ಕಾಫಿ ಮುಗಿದಿರಲಿಲ್ಲ. ಅಲ್ಲಿ ಹಿಂದಿನ ದಿನದ ಸಂಜೆ. ಫೋನನ್ನು ತಿರುಗಿಸಿ ತೋರಿಸಿದ: ಸಮುದ್ರ ಹಿಂದೆ ಸರಿದು ಬೋಳಾದ ಕಪ್ಪು ಬಂಡೆಗಳು, ಅವುಗಳ ಮೇಲೆ ಒದ್ದೆ ಪಾಚಿ, ನಡುವೆ ರಬ್ಬರ್ ಬೂಟು ಹಾಕಿಕೊಂಡ ಒಬ್ಬ ಮುದುಕ. ಮುದುಕನ ಕೈಯಲ್ಲಿ ಬಿದಿರಿನ ಗಳ. ಅದಕ್ಕೆ ದಾರ ಸುತ್ತುವ ರೀಲ್ ಇಲ್ಲ, ಬೆಂಡಿಲ್ಲ, ದಾರವೂ ಇಲ್ಲವೇ ಇಲ್ಲ ಅನ್ನುವಷ್ಟು ಗಿಡ್ಡ. ಗಳದ ತುದಿಯನ್ನು ಬಂಡೆಯ ಸಂದಿಗೆ ತೂರಿಸುತ್ತಾನೆ, ಸ್ವಲ್ಪ ಅಲ್ಲಾಡಿಸುತ್ತಾನೆ, ತೆಗೆಯುತ್ತಾನೆ, ಇನ್ನೊಂದು ಸಂದಿಗೆ ಹೋಗುತ್ತಾನೆ.

‘ಚಿಕ್ಕಪ್ಪ, ಬರಪೊಳೆ ಹತ್ರ ದೊಡ್ಡಜ್ಜ ಮೀನು ಹಿಡೀತಿದ್ರು ಅಂತ ನೀವು ಹೇಳ್ತಿದ್ರಲ್ಲ, ಅದೇ ಅಲ್ವಾ ಇದು?’

ಅದೇ. (ಬರಪೊಳೆ ನಮ್ಮ ಕೊಡಗಿನ ಹೊಳೆ, ಅವನ ದೊಡ್ಡಜ್ಜ ನನ್ನ ದೊಡ್ಡಪ್ಪ.) ಸಮುದ್ರ ಬೇರೆ, ಮೀನು ಬೇರೆ, ಎರೆ ಬೇರೆ. ಕೆಲಸ ಮಾತ್ರ ಅದೇ. ಅವನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ. ಗಾಳ ಹಾಕುವುದೆಂದರೆ ಕಾಯುವುದು ಎಂದುಕೊಂಡವರಿಗೆ ಇದು ತಲೆಕೆಳಗಾಗಿ ಕಾಣಬಹುದು. ಇಲ್ಲಿ ಮೀನು ನಮ್ಮ ಕಡೆ ಬರುವುದಿಲ್ಲ. ನಾವೇ ಅದರ ಮನೆ ಬಾಗಿಲಿಗೆ ಹೋಗಿ ಊಟ ಇಡಬೇಕು.

ಅಲ್ಲಿನವರು ಈ ಕೋಲನ್ನು ‘ಪೋಕ್ ಪೋಲ್’ ಅನ್ನುತ್ತಾರೆ, ತಿವಿಯುವ ಕೋಲು ಎಂದರ್ಥ. (ಬರಪೊಳೆಯನ್ನು ಇಂಗ್ಲಿಷಿನಲ್ಲಿ ಬರೆದರೆ ಹೊರಗಿನಿಂದ ಬಂದವರು ‘ಬಾರಾಪೋಲ್’ ಎಂದು ಓದುತ್ತಾರೆ. ಅವರ ಲೆಕ್ಕದಲ್ಲಿ ನಮ್ಮ ಹೊಳೆಯೂ ಒಂದು ಕೋಲೇ.) ಮುದುಕ ಹುಡುಕುತ್ತಿದ್ದ ಮೀನಿನ ಹೆಸರು ಮಂಕಿಫೇಸ್ ಪ್ರಿಕಲ್‌ಬ್ಯಾಕ್. ಬೆಳೆದ ಮೀನಿನ ತಲೆಯ ಮೇಲೆ ಗಂಟುಗಂಟಾಗಿ ಮಾಂಸ ಉಬ್ಬಿ, ಮುಖ ಮುದಿ ಮಂಗನ ಹಾಗೆ ಕಾಣುತ್ತದೆ. ಮಂಗಮೂತಿ ಎಂದೇ ಕರೆಯೋಣ. ಅಮೆರಿಕದ ಒರೆಗನ್ನಿನಿಂದ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದವರೆಗಿನ ಕಲ್ಲುದಡಗಳಲ್ಲಿ ಇದರ ವಾಸ. ಎರಡೂವರೆ ಅಡಿವರೆಗೆ ಬೆಳೆಯುತ್ತದೆ, ಹದಿನೆಂಟು ವರ್ಷದವರೆಗೂ ಬದುಕಬಲ್ಲದು. ಅಲ್ಲಿನ ಜನ ಇದನ್ನು ‘ಈಲ್’ ಅನ್ನುತ್ತಾರೆ, ಅಂದರೆ ನಮ್ಮ ಹಾವುಮೀನು. ಆದರೆ ಇದು ಹಾವುಮೀನಿನ ಜಾತಿಯೇ ಅಲ್ಲ, ಉದ್ದ ಮೈಯ ಬೇರೊಂದು ಮೀನು.

ಈ ಹೆಸರಿನ ಗೊಂದಲ ನಮ್ಮಲ್ಲೂ ಇದೆ. ಕೊಡಗಿನಲ್ಲಿ ‘ಹಾವುಮೀನು’ ಅಂದರೆ ಒಬ್ಬೊಬ್ಬರ ಕಣ್ಣೆದುರು ಒಂದೊಂದು ಮೀನು ಬರುತ್ತದೆ. ಕಾವೇರಿಯ ಬದಿಯಲ್ಲಿ ಸಿಗುವುದರ ಮೂತಿ ಚೂಪು, ಮೂಗಿನ ತುದಿಯಲ್ಲಿ ಸಣ್ಣ ಸೊಂಡಿಲಿನಂಥ ಮಾಂಸ, ಬೆನ್ನ ಮೇಲೆ ಸಾಲಾಗಿ ಬಿಡಿಬಿಡಿ ಮುಳ್ಳು. ಬರಿಗೈಯಲ್ಲಿ ಬಾಲದಿಂದ ತಲೆಯ ಕಡೆಗೆ ಸವರಿದವನಿಗೆ ಅದು ಯಾವ ಮೀನೆಂದು ಮತ್ತೆ ಕೇಳಬೇಕಾಗಿಲ್ಲ. ಅದು ಹುಟ್ಟುವುದೂ ಸಾಯುವುದೂ ಸಿಹಿನೀರಿನಲ್ಲೇ. ಇನ್ನೊಂದು ನಿಜವಾದ ಹಾವುಮೀನು. ಮುಳ್ಳಿಲ್ಲದ ನುಣ್ಣನೆ ಮೈ, ಕಂದು ಹಳದಿ ಬಣ್ಣದ ಮೇಲೆ ಮಚ್ಚೆ, ಬೆನ್ನಿನ ರೆಕ್ಕೆ ಬಾಲವನ್ನು ಸುತ್ತಿ ಹೊಟ್ಟೆಯ ಕೆಳಗಿನವರೆಗೂ ಒಂದೇ ಅಂಚಾಗಿ ಹರಿದಿರುತ್ತದೆ. ಇದು ಮೊಟ್ಟೆ ಇಡುವುದು ಸಮುದ್ರದಲ್ಲಿ. ಮರಿಗಳು ಮೊದಲು ಗಾಜಿನಂಥ ಎಲೆಯ ಆಕಾರದಲ್ಲಿ ತೇಲುತ್ತವೆ, ದಡದ ಹತ್ತಿರ ಬರುವ ಹೊತ್ತಿಗೆ ದಾರದ ಎಳೆಯಂತಾಗಿ ನದೀಮುಖದಿಂದ ಹತ್ತಲು ಶುರುಮಾಡುತ್ತವೆ. ನೀರು ಜಿನುಗುವ ಬಂಡೆಯ ಗೋಡೆಯನ್ನೂ ಮೈಯ ಒದ್ದೆಯಿಂದಲೇ ಅಂಟಿಕೊಂಡು ಏರಬಲ್ಲವು. ಹೊಳೆಯಲ್ಲಿ ವರ್ಷಗಟ್ಟಲೆ ಇದ್ದು ಬಲಿತ ಮೇಲೆ ಮತ್ತೆ ಸಮುದ್ರಕ್ಕೆ ಇಳಿಯುತ್ತವೆ, ಅಲ್ಲಿ ಮೊಟ್ಟೆ ಇಟ್ಟು ಸಾಯುತ್ತವೆ.

ಹಾಗಾಗಿ ಹೊಳೆ ಯಾವ ಕಡೆಗೆ ಹರಿಯುತ್ತದೆ ಅನ್ನುವುದು ಮುಖ್ಯ. ಕಾವೇರಿ ಪೂರ್ವಕ್ಕೆ ಹರಿದು ಬಂಗಾಳಕೊಲ್ಲಿ ಸೇರುವ ಮೊದಲು ಕನ್ನಂಬಾಡಿ ಕಟ್ಟೆ ಇದೆ, ಶಿವನಸಮುದ್ರದ ಜಲಪಾತ ಇದೆ, 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟೆ ಇದೆ. ಅಷ್ಟನ್ನೂ ದಾಟಿ ಕೊಡಗಿಗೆ ಬರುವುದು ಬೆರಳುದ್ದದ ಮರಿಯ ಕೈಲಾಗುವ ಮಾತಲ್ಲ. ಪಶ್ಚಿಮಕ್ಕೆ ಹರಿಯುವ ನೀರಿನ ಲೆಕ್ಕ ಬೇರೆ. ಬ್ರಹ್ಮಗಿರಿಯ ಬರಪೊಳೆ ಮಾಕುಟ್ಟದ ಕಾಡಿಳಿದು ಕಣ್ಣೂರಿನ ವಳಪಟ್ಟಣಂ ಹೊಳೆಯಾಗುತ್ತದೆ. ಪಯಸ್ವಿನಿ ಸುಳ್ಯದ ಮೇಲೆ ಹಾದು ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯಾಗುತ್ತದೆ. ಪುಷ್ಪಗಿರಿಯ ಕುಮಾರಧಾರೆ ನೇತ್ರಾವತಿಗೆ ಸೇರುತ್ತದೆ. ಅರಬ್ಬೀ ಸಮುದ್ರದಿಂದ ನಮ್ಮ ಘಟ್ಟಕ್ಕೆ ಇವು ಗಿಡ್ಡ ದಾರಿಗಳು. ಬರಪೊಳೆಯ ಬಂಡೆ ಮಡುಗಳಲ್ಲಿ ನನ್ನ ದೊಡ್ಡಪ್ಪ ಹಿಡಿಯುತ್ತಿದ್ದ ತೋಳುಗಾತ್ರದ ಮೀನು ಒಮ್ಮೆ ಸಮುದ್ರದ ಉಪ್ಪು ಕುಡಿದು ಬಂದದ್ದು. ಆಗ ಅದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಈಗ ಮೂರೂ ಮೀನನ್ನು ಪಕ್ಕಪಕ್ಕ ಇಟ್ಟು ನೋಡಿ: ಮಂಗಮೂತಿ, ಮುಳ್ಳಿನ ಹಾವುಮೀನು, ನಿಜವಾದ ಹಾವುಮೀನು. ಮೂರೂ ದೂರದ ಸಂಬಂಧಿಗಳು. ಆದರೂ ಮೂರರ ಮೈಯೂ ಹಗ್ಗದಂತೆ ಉದ್ದ. ಸಾಮಾನ್ಯ ಮೀನಿಗೆ ಹೊಟ್ಟೆಯ ಕೆಳಗೆ ಜೋಡಿ ರೆಕ್ಕೆ ಇರುತ್ತದಲ್ಲ, ಅದು ಮೂರಕ್ಕೂ ಇಲ್ಲ. ಕಲ್ಲಿನ ಸಂದಿಯಲ್ಲಿ ಬದುಕುವವನಿಗೆ ಅಗಲ ಮೈ ಬೇಡ, ಕಲ್ಲಿಗೆ ಸಿಕ್ಕಿಕೊಳ್ಳುವ ರೆಕ್ಕೆಯೂ ಬೇಡ. ತಲೆ ತೂರಿದಲ್ಲಿ ಬಾಲ ತೂರಬೇಕು, ತಿರುಗಲು ಜಾಗ ಇಲ್ಲದಿದ್ದರೆ ಹಿಂದಕ್ಕೇ ಸರಿಯಲು ಬರಬೇಕು. ಮೈಯ ಅಲೆಯನ್ನು ಉಲ್ಟಾ ಹರಿಸಿ ಇವು ಹಿಂದಕ್ಕೆ ಈಜುವುದನ್ನು ನೋಡಿದರೆ, ಬಸ್ ಸ್ಟ್ಯಾಂಡಿನಲ್ಲಿ ರಿವರ್ಸ್ ಹೊಡೆಯುವ ಡ್ರೈವರುಗಳು ನಾಚಬೇಕು.

ಗಾಳದ ವಿಷಯಕ್ಕೆ ಬಂದರೆ, ಈ ಹಿಂದಕ್ಕೆ ಸರಿಯುವ ವಿದ್ಯೆಯೇ ನಮ್ಮ ಶತ್ರು. ಮಡುವಿನಲ್ಲಿ ಬೆಂಡು ಹಾಕಿ ಕೂತಾಗ ಮೀನು ಗಾಳ ನುಂಗಿ ಬಯಲು ನೀರಿನಲ್ಲಿ ಓಡುತ್ತದೆ. ಓಡಲಿ ಬಿಡಿ, ಕೋಲು ಬಾಗುತ್ತದೆ, ದಾರ ತಡೆಯುತ್ತದೆ, ಮೀನು ಸುಸ್ತಾಗುತ್ತದೆ. ಸಂದಿಯ ಮೀನು ಓಡುವುದಿಲ್ಲ. ಎರೆ ಬಾಯಿಗೆ ಬಿದ್ದ ತಕ್ಷಣ ಒಳಕ್ಕೆ ಸರಿಯುತ್ತದೆ, ಮೈಯನ್ನು ಕಲ್ಲಿನ ಉಬ್ಬುತಗ್ಗಿಗೆ ಎಸ್ ಆಕಾರದಲ್ಲಿ ಬಾಗಿಸಿ ನಿಲ್ಲುತ್ತದೆ. ಒಂದು ಗೂಳಿಯನ್ನು ಕೈಯಲ್ಲಿ ಹಗ್ಗ ಹಿಡಿದು ನಿಲ್ಲಿಸಲು ಆಗುವುದಿಲ್ಲ. ಅದೇ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಸುತ್ತಿದರೆ ಹತ್ತು ವರ್ಷದ ಹುಡುಗನೂ ನಿಲ್ಲಿಸುತ್ತಾನೆ. ಒಂದೊಂದು ಸುತ್ತಿಗೂ ಹಿಡಿತ ಕೂಡುವುದಲ್ಲ, ಗುಣಿಸಿಕೊಂಡು ಹೋಗುತ್ತದೆ. ಸಂದಿಯೊಳಗಿನ ಮೀನು ತಾನೇ ಹಗ್ಗ, ಕಲ್ಲೇ ಗೂಟ. ಮೈಯ ಲೋಳೆಯಿಂದ ಜಾರಿಕೆ ಇದ್ದರೂ ಮೂರು ನಾಲ್ಕು ಬಾಗು ಸಿಕ್ಕರೆ ಸಾಕು, ನೀವು ದಾರ ಹರಿಯುವವರೆಗೂ ಎಳೆಯಬಹುದು, ಅದು ಬರುವುದಿಲ್ಲ.

ಹಾಗಾದರೆ ಉಪಾಯವೇನು? ಮೀನಿಗೆ ಒಳಕ್ಕೆ ಸರಿಯಲು ಜಾಗವನ್ನೇ ಕೊಡಬಾರದು. ತಿವಿಯುವ ಕೋಲಿನ ಪ್ರತಿಯೊಂದು ಅಂಶವೂ ಈ ಒಂದು ಮಾತಿನಿಂದ ಹುಟ್ಟಿದೆ. ಒಂದಡಿ ದಾರ ಬಿಟ್ಟರೆ ಮೀನಿಗೆ ಒಂದಡಿ ಒಳಕ್ಕೆ ಹೋಗುವ ಪರವಾನಗಿ ಕೊಟ್ಟಂತೆ. ಅದಕ್ಕೇ ದಾರ ನಾಲ್ಕೈದು ಇಂಚಿಗಿಂತ ಹೆಚ್ಚಿರುವುದಿಲ್ಲ. ಬಾಗುವ ಕೋಲೂ ಅದೇ ತಪ್ಪು ಮಾಡುತ್ತದೆ: ಕೋಲು ಒಂದಡಿ ಬಾಗಿದರೆ ಮೀನು ಒಂದಡಿ ಒಳಗೆ. ಬೇರೆ ಗಾಳಕ್ಕೆ ಗುಣ ಎನಿಸಿದ ಬಳುಕು ಇಲ್ಲಿ ದೋಷ. ಆದ್ದರಿಂದ ಎಂಟರಿಂದ ಹನ್ನೆರಡು ಅಡಿಯ ಗಟ್ಟಿ ಬಿದಿರು, ಅದರ ತುದಿಗೆ ಒಂದು ಗೇಣಿನಷ್ಟು ಬಿರುಸು ತಂತಿ, ತಂತಿಯ ಕೊನೆಗೆ ಗಿಡ್ಡ ದಾರ, ಗಾಳ. ತಂತಿ ಏಕೆಂದರೆ ಬಿದಿರು ತೂರದ ಸಂದಿಗೆ ತಂತಿ ತೂರುತ್ತದೆ, ಸ್ವಲ್ಪ ಬಾಗಿಸಿಟ್ಟರೆ ಮೂಲೆಯನ್ನೂ ತಿರುಗುತ್ತದೆ. ಕ್ಯಾಲಿಫೋರ್ನಿಯಾದವರು ಬಟ್ಟೆ ತೂಗುಹಾಕುವ ಹ್ಯಾಂಗರನ್ನು ನೆಟ್ಟಗೆ ಮಾಡಿ ಬಳಸುತ್ತಾರೆ. ಈಗ ಬಿದಿರಿನ ಬದಲು ಪ್ಲಾಸ್ಟಿಕ್ ಪೈಪಿನದೂ ಇದೆಯಂತೆ. ಹಿಂದೆ ಅಮೆರಿಕದ ಗಾಳದ ಅಂಗಡಿಗಳಲ್ಲಿ ಕೋಲಿಗೆ ಹೆಸರಾದದ್ದು ‘ಕಲ್ಕತ್ತಾ ಬಿದಿರು’, ನಮ್ಮ ದೇಶದಿಂದಲೇ ಹಡಗಿನಲ್ಲಿ ಹೋದದ್ದು.

ದೊಡ್ಡಪ್ಪನ ಕೋಲು ಕಿರುಬಿದಿರಿನದು. ಕೊಡಗಿನ ಕಾಡಿನಲ್ಲಿ ಹೆಬ್ಬಿದಿರು, ವಾಟೆ ಎಲ್ಲ ಇದ್ದರೂ ಅವರು ಆ ಕಡೆ ನೋಡುತ್ತಿರಲಿಲ್ಲ. ಹೆಬ್ಬಿದಿರು ದಪ್ಪ, ಒಳಗೆ ಟೊಳ್ಳು. ವಾಟೆ ಹಗುರ, ಬೆಂಡಿನ ಗಾಳಕ್ಕೆ ಚೆನ್ನ, ಬಂಡೆಗೆ ಒತ್ತಿದರೆ ಸೀಳುತ್ತದೆ. ಕಿರುಬಿದಿರು ಹೆಚ್ಚುಕಡಿಮೆ ಗಟ್ಟಿ ದೊಣ್ಣೆ. ಅದನ್ನು ಅಡುಗೆಮನೆಯ ಅಟ್ಟದ ಮೇಲೆ ಹೊಗೆಗೆ ಹಾಕಿ ಒಂದು ಮಳೆಗಾಲ ಕಳೆಯಬಿಡುತ್ತಿದ್ದರು. ತಂತಿಯ ಬದಲು ಅವರು ಬಳಸುತ್ತಿದ್ದದ್ದು ಹಳೆ ಕೊಡೆಯ ಕಡ್ಡಿ. ಕೊಡಗಿನ ಮನೆಯಲ್ಲಿ ಮುರಿದ ಕೊಡೆಗೆ ಬರವೇ? ಕೊಡೆಯ ಕಡ್ಡಿಯ ತುದಿಯನ್ನು ಗಮನಿಸಿದ್ದೀರಾ? ಬಟ್ಟೆ ಹೊಲಿಯಲೆಂದು ಅಲ್ಲೊಂದು ಪುಟ್ಟ ಕಣ್ಣು ಇರುತ್ತದೆ. ಆ ಕಣ್ಣಿಗೇ ದಪ್ಪ ತಂಗೂಸ್ ದಾರವನ್ನು ಎರಡು ಮಡಿಕೆ ಮಾಡಿ ಗಂಟು ಹಾಕಿ, ನಾಲ್ಕು ಬೆರಳ ಕೆಳಗೆ ಗಾಳ ಕಟ್ಟುತ್ತಿದ್ದರು. ಕಡ್ಡಿಯ ಇನ್ನೊಂದು ತುದಿ ಬಿದಿರಿನ ಮೇಲೆ ಮೊಳದುದ್ದ ಮಲಗಿ, ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಸುತ್ತಿಸಿಕೊಂಡಿರುತ್ತಿತ್ತು. ಆ ಕೋಲನ್ನು ಕೈಯಲ್ಲಿ ಹಿಡಿದರೆ ಕಡ್ಡಿಯ ತುದಿ ಮರಳು ಮುಟ್ಟಿತೋ, ಕಲ್ಲು ಮುಟ್ಟಿತೋ, ಮೆತ್ತನೆಯ ಇನ್ನೇನನ್ನೋ ಮುಟ್ಟಿತೋ ಅಂಗೈಗೆ ತಿಳಿಯುತ್ತಿತ್ತು. ಮೆತ್ತನೆಯದು ಮುಟ್ಟಿ ಅದು ಹಿಂದಕ್ಕೆ ಸರಿದಾಗ ಹೊಟ್ಟೆಯಲ್ಲಿ ಆಗುವ ತಳಮಳವನ್ನು ಬರೆದು ತಿಳಿಸಲು ನನ್ನಿಂದಾಗದು.

ಇಂಗ್ಲೆಂಡಿನ ಹಳ್ಳಿಗಳಲ್ಲೂ ಇದರ ದಾಯಾದಿ ವಿದ್ಯೆಯೊಂದಿತ್ತು, ‘ಸ್ನಿಗ್ಲಿಂಗ್’ ಎಂದು ಹೆಸರು. ಅಲ್ಲಿ ಗಾಳವೇ ಇಲ್ಲ. ಹೊಲಿಗೆ ಸೂಜಿಯ ನಡುವಿಗೆ ದಾರ ಕಟ್ಟಿ, ಸೂಜಿಯನ್ನು ಎರೆಹುಳುವಿನೊಳಗೆ ತೂರಿಸಿ, ಕಡ್ಡಿಯ ತುದಿಗೆ ಸಿಕ್ಕಿಸಿ ಬಿಲದೊಳಗೆ ತಳ್ಳುತ್ತಿದ್ದರು. ಹಾವುಮೀನು ನುಂಗಿದ ಮೇಲೆ ದಾರ ಎಳೆದರೆ ಸೂಜಿ ಗಂಟಲಲ್ಲಿ ಅಡ್ಡಲಾಗುತ್ತದೆ. ಜಾಣತನ ಹೌದು, ನನಗೆ ಇಷ್ಟವಿಲ್ಲ. ಸಣ್ಣ ಮೀನನ್ನು ವಾಪಸ್ ಬಿಡುವ ಅವಕಾಶವನ್ನೇ ಅದು ಉಳಿಸುವುದಿಲ್ಲ.

ಮುಂದಿನದು ಹೊತ್ತು. ಸಂದಿಗಳು ಕೈಗೆ ಸಿಗಬೇಕಾದರೆ ನೀರು ಇಳಿದಿರಬೇಕು. ನಮಗೆ ಅದನ್ನು ಮಳೆ ನಿರ್ಧರಿಸುತ್ತದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರಪೊಳೆಯ ದಡದಲ್ಲಿ ನಿಲ್ಲುವುದೇ ಅಪಾಯ. ಸುಗ್ಗಿಯ ಹಬ್ಬ ಪುತ್ತರಿ ಕಳೆದು, ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಬಂಡೆಗಳು ಒಂದೊಂದಾಗಿ ತಲೆ ಎತ್ತುತ್ತವೆ. ಸಮುದ್ರದಲ್ಲಿ ಅದನ್ನು ನಿರ್ಧರಿಸುವವನು ಚಂದ್ರ. ಘಟ್ಟದ ಮೇಲಿನ ನಮಗೆ ಉಬ್ಬರವಿಳಿತ ಪುಸ್ತಕದ ಪಾಠ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಚಂದ್ರನ ಸೆಳೆತಕ್ಕೆ ಸಮುದ್ರ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಉಬ್ಬಿ ಎರಡು ಸಲ ಇಳಿಯುತ್ತದೆ. ಚಂದ್ರನ ದಿನ ನಮ್ಮ ಗಡಿಯಾರದ ದಿನಕ್ಕಿಂತ ಸುಮಾರು 50 ನಿಮಿಷ ಉದ್ದ, ಹಾಗಾಗಿ ಇವತ್ತು ನಾಲ್ಕು ಗಂಟೆಗೆ ಇಳಿದ ನೀರು ನಾಳೆ ಐದರ ಹತ್ತಿರ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯನೂ ಚಂದ್ರನ ಜೊತೆ ಒಂದೇ ಗೆರೆಯಲ್ಲಿ ನಿಂತು ಕೈಜೋಡಿಸುವುದರಿಂದ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಮಜಾ ಇದೆ. ದಿನದ ಎರಡು ಇಳಿತ ಸಮ ಅಲ್ಲ, ಒಂದು ಸ್ವಲ್ಪವೇ, ಇನ್ನೊಂದು ಆಳಕ್ಕೆ. ಆ ಆಳದ ಇಳಿತ ಚಳಿಗಾಲದಲ್ಲಿ ಮಧ್ಯಾಹ್ನ ಸಂಜೆಗೆ ಬೀಳುತ್ತದೆ, ಬೇಸಿಗೆಯಲ್ಲಿ ನಸುಕಿಗೆ. ನಮ್ಮ ಹುಡುಗ ಜನವರಿ ಸಂಜೆ ಫೋನ್ ಮಾಡಿದ್ದಕ್ಕೂ ಇದಕ್ಕೂ ಸಂಬಂಧವಿದೆ. ದೊಡ್ಡ ಇಳಿತದ ದಿನ ಅಲ್ಲಿ ನೀರಿನ ಮಟ್ಟದ ವ್ಯತ್ಯಾಸ ಎರಡು ಮೀಟರಿಗೂ ಹೆಚ್ಚು. ಅಂದರೆ ಒಂದಾಳು ಮುಳುಗುವ ನೀರಿನ ಕೆಳಗಿದ್ದ ಸಂದಿಗಳು ಎರಡು ಮೂರು ಗಂಟೆ ಬಾಗಿಲು ತೆರೆದು ಕೂರುತ್ತವೆ.

ನೀರು ಹೋದ ಮೇಲೂ ಮಂಗಮೂತಿ ಅಲ್ಲೇ ಇರುತ್ತದೆ, ಒಣಗಿದ ಬಂಡೆಯ ಅಡಿಯಲ್ಲೂ. ಗಾಳಿಯಿಂದಲೇ ಉಸಿರು ತೆಗೆದುಕೊಳ್ಳಬಲ್ಲದು. ಮೈ ಒದ್ದೆಯಾಗಿದ್ದರೆ ಒಂದು ದಿನಕ್ಕೂ ಹೆಚ್ಚು ನೀರಿಲ್ಲದೆ ಬದುಕುತ್ತದೆ. ತನ್ನ ಸಂದಿ ಬಿಟ್ಟು ದೂರ ಹೋಗುವ ಮೀನೂ ಅಲ್ಲ: ಉಬ್ಬರ ಬಂದಾಗ ಹೊರಬಂದು ಸುತ್ತಮುತ್ತ ಕೆಲವೇ ಮೀಟರಿನೊಳಗೆ ಮೇಯ್ದು ಮತ್ತೆ ಒಳಗೆ. ಮೇಯ್ದು ಎಂದದ್ದು ಬಾಯಿತಪ್ಪಲ್ಲ. ಬೆಳೆದ ಮಂಗಮೂತಿಯ ಮುಖ್ಯ ಆಹಾರ ಸಮುದ್ರದ ಪಾಚಿ. ಮೀನುಗಳಲ್ಲಿ ಇಂಥ ಸಸ್ಯಾಹಾರಿಗಳು ಕಡಿಮೆ, ಅದೂ ತಣ್ಣನೆ ಸಮುದ್ರದಲ್ಲಿ. ಇರ್ವೈನ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2020ರಲ್ಲಿ ಇದರ ಜೀನೋಮ್ ಓದಿ, ಪಿಷ್ಟ ಕರಗಿಸುವ ಕಿಣ್ವದ ಜೀನುಗಳು ಇದರಲ್ಲಿ ಹೆಚ್ಚಿವೆ ಎಂದು ತೋರಿಸಿದರು. ಆದರೂ ಗಾಳಕ್ಕೆ ಹಾಕುವುದು ಸಿಗಡಿ, ಇಲ್ಲವೇ ಬೊಂಡಾಸಿನ (ಸ್ಕ್ವಿಡ್) ಪಟ್ಟಿ, ಮತ್ತು ಅದು ತಿನ್ನುತ್ತದೆ. ಸಸ್ಯಾಹಾರಿಯ ಮೂಗಿನ ಮುಂದೆ ಮಾಂಸದ ತುಂಡು ಹಿಡಿದರೆ ಏನಾಗುತ್ತದೆ ಎಂಬುದರ ಬಗ್ಗೆ ನಮ್ಮೂರಿನ ಕೆಲವರ ಉದಾಹರಣೆ ಕೊಡಬಹುದು, ಬೇಡ.

ಬೊಂಡಾಸನ್ನು ಆರಿಸಲು ಕಾರಣ ಅದರ ಜಿಗುಟು. ಕಲ್ಲಿಗೆ ಉಜ್ಜಿದರೂ ಗಾಳದಿಂದ ಕಳಚುವುದಿಲ್ಲ. ದೊಡ್ಡಪ್ಪ ಇದೇ ಕಾರಣಕ್ಕೆ ಎರೆಹುಳು ಬಿಟ್ಟು ಕೋಳಿ ಕರುಳು ಹಾಕುತ್ತಿದ್ದರು. ಹುಳು ಎರಡು ಸಂದಿಗೆ ಪುಡಿಯಾಗುತ್ತದೆ, ಕರುಳು ಹತ್ತು ಸಂದಿಗೆ ಬರುತ್ತದೆ. ವಾಸನೆಯೂ ಸರಿ: ಹಾವುಮೀನು ರಾತ್ರಿ ತಿರುಗುವ ಪ್ರಾಣಿ, ಕಣ್ಣಿಗಿಂತ ಮೂಗನ್ನು ನಂಬುತ್ತದೆ.

ಕೈಕೆಲಸ ಹೇಳಲು ಕಷ್ಟವಲ್ಲ, ಮಾಡಲು ಅಷ್ಟು ಸುಲಭವೂ ಅಲ್ಲ. ಕಡ್ಡಿಯನ್ನು ಸಂದಿಯ ತಳದವರೆಗೂ ತಳ್ಳಿ, ಒಂದು ಗೇಣು ಹಿಂದಕ್ಕೆ ತೆಗೆದು, ಎರೆ ಉಸಿರಾಡುತ್ತಿದೆಯೇನೋ ಎಂಬಂತೆ ಮೆಲ್ಲಗೆ ಆಡಿಸಬೇಕು. ಅರ್ಧ ನಿಮಿಷದಲ್ಲಿ ಏನೂ ಆಗದಿದ್ದರೆ ಮುಂದಿನ ಸಂದಿ. ಹಸಿದ ಮೀನು ಇದ್ದರೆ ಅಷ್ಟರಲ್ಲಿ ಹಿಡಿದಿರುತ್ತದೆ. ಹಿಡಿದಾಗ ಟಕ್ಕೆಂದು ಕುಕ್ಕುವುದಿಲ್ಲ, ಯಾರೋ ಒಳಗಿಂದ ಕೋಲನ್ನು ಇಸಿದುಕೊಳ್ಳುತ್ತಿರುವ ಹಾಗೆ ಎಳೆಯುತ್ತದೆ. ಆಗಲೇ, ಆ ಕ್ಷಣದಲ್ಲೇ, ಒಂದೇ ಸಮನೆ ಹೊರಕ್ಕೆ ತೆಗೆಯಬೇಕು. ಅದು ಎರಡನೇ ಬಾಗು ಹಾಕುವುದರೊಳಗೆ ತಲೆ ಬೆಳಕಿಗೆ ಬರಬೇಕು. ತಡವಾಗಿ ಮೈ ಬಿಗಿದುಕೊಂಡರೆ ಜಗ್ಗಾಡಬೇಡಿ. ಬಿಗಿ ಬಿಡದೆ ಸುಮ್ಮನೆ ಹಿಡಿದುಕೊಳ್ಳಿ. ಮಾಂಸಖಂಡಕ್ಕೆ ಸುಸ್ತಾಗುತ್ತದೆ, ಲೋಳೆ ಆಗ ನಿಮ್ಮ ಪರ. ಹನ್ನೊಂದನೇ ವಯಸ್ಸಿನಲ್ಲಿ ನಾನು ಸ್ವಂತ ಕೋಲು ಕಟ್ಟಿದಾಗ ದಾರವನ್ನು ಒಂದು ಮೊಳ ಬಿಟ್ಟಿದ್ದೆ, ಉದ್ದ ಇದ್ದಷ್ಟು ಒಳ್ಳೆಯದೆಂದು. ಮೀನು ಹಿಡಿಯಿತು, ಆ ಮೊಳದಷ್ಟೂ ಒಳಕ್ಕೆ ಕೊಂಡೊಯ್ದಿತು. ಕತ್ತಲಾಗುವವರೆಗೆ ಎಳೆದೆ. ದೊಡ್ಡಪ್ಪ ದಡದಲ್ಲಿ ಬೀಡಿ ಹಚ್ಚಿ ನೋಡುತ್ತಾ ಕೂತಿದ್ದರು. ಕೊನೆಗೆ ‘ನೀನು ಅದನ್ನು ಹಿಡಿದಿದ್ದೀಯೋ, ಅದು ನಿನ್ನನ್ನು ಹಿಡಿದಿದೆಯೋ?’ ಅಂದರು. ದಾರ ಕೊಯ್ದು ಮನೆಗೆ ಹೋದೆವು.

ಹೊರಗೆ ಬಂದ ಮೇಲೂ ಕಥೆ ಮುಗಿಯುವುದಿಲ್ಲ. ಲೋಳೆಯ ಮೈ ಕೈಯಲ್ಲಿ ನಿಲ್ಲದು. ಗೋಣಿತಾಟು ಬೇಕು, ಇಲ್ಲವೇ ಒಲೆಯ ಬೂದಿ. ಬೂದಿ ಉಜ್ಜಿದರೆ ಲೋಳೆ ಉಂಡೆಗಟ್ಟಿ ಬರುತ್ತದೆ, ಮೀನು ಕೊಯ್ಯಲೂ ಸುಲಭ. ನಿಜವಾದ ಹಾವುಮೀನಿನ ಹಸಿ ರಕ್ತದಲ್ಲಿ ವಿಷದ ಅಂಶ ಇದೆ, ಕಣ್ಣಿಗೋ ಗಾಯಕ್ಕೋ ತಾಗಬಾರದು. ಬೇಯಿಸಿದರೆ ಅದು ನಾಶವಾಗುತ್ತದೆ. ನಮ್ಮ ಕಪ್ಪು ಹುಳಿರಸ ಕಾಚಂಪುಳಿ ಹಾಕಿ ಕುದಿಸಿದ ಸಾರಿನ ಬಗ್ಗೆ ಯಾರೂ ಹೆದರಬೇಕಾಗಿಲ್ಲ.

ಇದನ್ನು ಓದಿ ಯಾರಾದರೂ ಕಣ್ಣೂರಿನ ಕಡಲ ಬಂಡೆಗಳ ಮೇಲೆ ಕೋಲು ಹಿಡಿದು ಹೊರಟರೆ ಒಂದು ಮಾತು. ಅಲ್ಲಿ ಮಂಗಮೂತಿ ಇಲ್ಲ. ನಮ್ಮ ಕಡಲಿನ ಸಂದಿಗಳಲ್ಲಿ ಇರುವುದು ಮೋರೆ ಎಂಬ ಹಾವುಮೀನು, ಸೂಜಿಹಲ್ಲಿನ ಕಚ್ಚುವ ಪ್ರಾಣಿ. ಅದರ ಗಂಟಲೊಳಗೆ ಇನ್ನೊಂದು ಜೋಡಿ ದವಡೆ ಇದ್ದು, ಮುಂದಕ್ಕೆ ಚಾಚಿ ಬೇಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ ಎಂದು ಅಮೆರಿಕದ ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಸಂದಿಗೆ ಕೋಲು ಹಾಕಿ, ಕೈ ಹಾಕಬೇಡಿ. ಸಮುದ್ರಕ್ಕೆ ಬೆನ್ನು ಮಾಡಿಯೂ ನಿಲ್ಲಬೇಡಿ. ಹತ್ತು ಸಣ್ಣ ಅಲೆಗಳ ಹಿಂದೆ ಒಂದು ದೊಡ್ಡದು ಯಾವ ಮುನ್ಸೂಚನೆಯೂ ಇಲ್ಲದೆ ಬರುತ್ತದೆ, ಪಾಚಿಗಟ್ಟಿದ ಬಂಡೆಯ ಮೇಲೆ ಮೊಣಕಾಲು ಮಟ್ಟದ ನೀರೇ ಸಾಕು. ಕ್ಯಾಲಿಫೋರ್ನಿಯಾದಲ್ಲಿ ಹದಿನಾರು ತುಂಬಿದವರಿಗೆ ಗಾಳಕ್ಕೆ ಲೈಸೆನ್ಸ್ ಬೇಕು, ದಡದ ಕೆಲವು ಭಾಗ ಪೂರ್ತಿ ನಿಷಿದ್ಧ. ನಮ್ಮಲ್ಲಿ ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳ ಒಳಗಿನ ಹೊಳೆಯಲ್ಲಿ ಮೀನು ಹಿಡಿಯುವಂತಿಲ್ಲ.

ಹಿಡಿಯಲು ಉಳಿದಿರುವುದಾದರೂ ಎಷ್ಟು? ಕೋಲಿನಿಂದ ಹೊಳೆ ಬರಿದಾಗುವುದಿಲ್ಲ, ಒಂದು ಸಂದಿಗೆ ಒಂದು ಮೀನು, ಅದೂ ಅದೃಷ್ಟವಿದ್ದರೆ. ಮಡುವಿಗೆ ಬ್ಲೀಚಿಂಗ್ ಪೌಡರ್ ಸುರಿಯುವವನು ಒಂದು ರಾತ್ರಿಯಲ್ಲಿ ಎಲ್ಲ ಸಂದಿಗಳನ್ನೂ ಖಾಲಿ ಮಾಡುತ್ತಾನೆ. ಕೆಳಗಡೆ ಪಳಶ್ಶಿಯ ಅಣೆಕಟ್ಟೆ ಇದೆ, ಸಮುದ್ರದಿಂದ ಹತ್ತುವ ಮರಿ ಅದನ್ನು ದಾಟಬೇಕು, ಬಲಿತು ಇಳಿಯುವ ಮೀನೂ ದಾಟಬೇಕು. ನಮ್ಮ ಮಚ್ಚೆಯ ಹಾವುಮೀನನ್ನು ಅಳಿವಿನ ಅಪಾಯಕ್ಕೆ ಹತ್ತಿರವಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಿದ್ದಾರೆ.

ಫೋನಿನಲ್ಲಿ ಆ ಮುದುಕನಿಗೆ ಅವತ್ತು ಒಂದು ಸಿಕ್ಕಿತು. ಹುಡುಗ ಓಡಿ ಹೋಗಿ ಹತ್ತಿರದಿಂದ ತೋರಿಸಿದ, ಬೂದು ಮೈ, ಗಂಟುಹಣೆ, ಥೇಟು ಮುದಿ ಮಂಗ. ಆಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಮಾರ್ಚಿನಲ್ಲಿ, ಅಭಯಾರಣ್ಯಕ್ಕೆ ಸೇರದ ನಮ್ಮ ಗದ್ದೆಯ ಕೆಳಗಿನ ತೋಡಿನಲ್ಲಿ, ದೊಡ್ಡಪ್ಪ ಕೂರುತ್ತಿದ್ದ ಬಂಡೆಯ ಪಕ್ಕ, ಹೊಸ ಕೊಡೆಕಡ್ಡಿ ಕಟ್ಟಿದ ಕೋಲನ್ನು ಸಂದಿಗೆ ಹಾಕಿದೆ. ದಾರ ನಾಲ್ಕೇ ಬೆರಳು. ಏನೋ ಹಿಡಿಯಿತು. ಒಂದೇ ಸಮನೆ ಎಳೆದೆ. ಕೋಳಿ ಕರುಳನ್ನು ಕೊಂಡಿಯಿಂದ ಬಿಗಿಯಾಗಿ ಕಚ್ಚಿಕೊಂಡು, ನಾಲ್ಕು ಬೆರಳಗಲದ ಏಡಿಯೊಂದು ಹೊರಗೆ ಬಂದು, ಬೆಳಕು ಕಂಡದ್ದೇ ಕರುಳು ಬಿಟ್ಟು ಪ್ಳಕ್ಕೆಂದು ನೀರಿಗೆ ಬಿತ್ತು.